ನೀರಿಲ್ಲದ ದಿಣ್ಣೆಯ ಮೇಲೆ ನೀರಿನ ತೋಟ: ವರ್ಸೇಲ್ಸ್ ಉದ್ಯಾನದ ಪ್ರಕರಣ

ದೊರೆ ಅರಮನೆಯ ಹಿಂಬದಿಯ ಮೆಟ್ಟಿಲಿಳಿದು ತೋಟದತ್ತ ಹೆಜ್ಜೆ ಹಾಕುತ್ತಾನೆ. ಹಸಿರು ಬೇಲಿಯ ಮರೆಯಲ್ಲಿ ನಿಂತ ಆಳೊಬ್ಬ ಸಿಳ್ಳೆ ಹೊಡೆಯುತ್ತಾನೆ. ಮುಂದಿನ ಕೊಳದ ಬಳಿ ಕಾದಿದ್ದ ಇನ್ನೊಬ್ಬ ನೆಲದಡಿಯ ಕವಾಟವನ್ನು ತಿರುಗಿಸುತ್ತಾನೆ. ದೊರೆ ತಿರುವು ದಾಟಿ ಬರುವ ಹೊತ್ತಿಗೆ ಕಾರಂಜಿ ಪೂರ್ತಿ ಎತ್ತರಕ್ಕೆ ಎದ್ದು ನಿಂತಿರುತ್ತದೆ. ಅವನು ಬೆನ್ನು ತಿರುಗಿಸಿ ಮುಂದೆ ಸಾಗಿದೊಡನೆ ಕವಾಟ ಮುಚ್ಚಿಕೊಳ್ಳುತ್ತದೆ, ನೀರು ಕುಸಿಯುತ್ತದೆ. ಅಷ್ಟರಲ್ಲಿ ಮತ್ತೊಂದು ಸಿಳ್ಳೆ, ಮತ್ತೊಂದು ಕಾರಂಜಿ.

17ನೇ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಉದ್ಯಾನ ನಡೆಯುತ್ತಿದ್ದದ್ದು ಹೀಗೆ. ಯೂರೋಪಿನ ಅತ್ಯಂತ ಬಲಿಷ್ಠ ಅರಸನೆನಿಸಿಕೊಂಡ 14ನೇ ಲೂಯಿಯ ತೋಟದಲ್ಲಿ ಎಲ್ಲ ಕಾರಂಜಿಗಳನ್ನೂ ಒಟ್ಟಿಗೆ ದಿನವಿಡೀ ಚಿಮ್ಮಿಸಲು ನೀರೇ ಇರಲಿಲ್ಲ. ಅರಮನೆಯ ಕಿಟಕಿಗೆ ಕಾಣುವ ಕೆಲವಕ್ಕೆ ಮೊದಲ ಮರ್ಯಾದೆ, ಉಳಿದವಕ್ಕೆ ದೊರೆ ಎದುರಿಗೆ ಬಂದಾಗ ಮಾತ್ರ. ನಮ್ಮ ಕೆರೆ ಬಯಲಿನ ನೀರುಗಂಟಿ ಗದ್ದೆಯಿಂದ ಗದ್ದೆಗೆ ಸರದಿಯಂತೆ ನೀರು ತಿರುಗಿಸುತ್ತಾನಲ್ಲ, ವರ್ಸೇಲ್ಸಿನ ನೀರುಗಂಟಿಗಳೂ ಸರದಿಯನ್ನೇ ಪಾಲಿಸುತ್ತಿದ್ದರು. ಆದರೆ ಆ ಸರದಿಯನ್ನು ಗೊತ್ತುಮಾಡುತ್ತಿದ್ದದ್ದು ಒಬ್ಬನೇ ಮನುಷ್ಯನ ನಡಿಗೆ.

ಈ ಉದ್ಯಾನದ ಇತಿಹಾಸವನ್ನು ಸಾಮಾನ್ಯವಾಗಿ ಶಿಲ್ಪಗಳ ಮೂಲಕ, ಉತ್ಸವಗಳ ಮೂಲಕ, ರಾಣಿಯರ ಮೂಲಕ ಹೇಳುತ್ತಾರೆ. ನನಗೆ ಅದರ ನಿಜವಾದ ಚರಿತ್ರೆ ಕಾಣುವುದು ಎರಡು ವಸ್ತುಗಳಲ್ಲಿ: ನೀರು ಮತ್ತು ಮರ. ಎರಡೂ ಅರಸನ ಆಜ್ಞೆಗೆ ಅರ್ಧ ಮಾತ್ರ ಬಗ್ಗಿದವು. ಆ ಅರ್ಧ ಸೋಲಿನ ಕಥೆಯನ್ನೇ ಇಲ್ಲಿ ಬಿಡಿಸಿ ನೋಡುತ್ತೇನೆ.

ಜಾಗದ ಆಯ್ಕೆ

ಪ್ಯಾರಿಸ್ಸಿನ ನೈಋತ್ಯಕ್ಕಿರುವ ವರ್ಸೇಲ್ಸ್ ಮೊದಲು ಒಂದು ಸಣ್ಣ ಹಳ್ಳಿ. ಸುತ್ತ ಕಾಡು, ತಗ್ಗಿನಲ್ಲಿ ಜವುಗು ನೆಲ. ಬೇಟೆಯ ಹುಚ್ಚಿದ್ದ 13ನೇ ಲೂಯಿ 1623ರಲ್ಲಿ ಅಲ್ಲಿನ ದಿಣ್ಣೆಯ ಮೇಲೆ ಒಂದು ಬೇಟೆಮನೆ ಕಟ್ಟಿಸಿದ. 1630ರ ದಶಕದಲ್ಲಿ ಅದನ್ನೇ ಇಟ್ಟಿಗೆ ಮತ್ತು ಕಲ್ಲಿನಲ್ಲಿ ಹಿಗ್ಗಿಸಿದ. ಹಿಂದೆ ಒಂದು ಹದವಾದ ತೋಟವೂ ಆಯಿತು. ಬೇಟೆಗೆ ಬಂದು ಹೋಗುವವನಿಗೆ ಅಷ್ಟು ಸಾಕಾಗಿತ್ತು.

ಅವನ ಮಗ 14ನೇ ಲೂಯಿಗೆ ಸಾಕಾಗಲಿಲ್ಲ. 1661ರ ಆಗಸ್ಟ್ 17ರಂದು ಹಣಕಾಸು ಮಂತ್ರಿ ನಿಕೊಲಾ ಫೂಕೆ ತನ್ನ ವೋ-ಲ-ವಿಕೋಂತ್ ಬಂಗಲೆಯಲ್ಲಿ ಯುವ ದೊರೆಗೆ ಔತಣವಿಟ್ಟ. ಅಲ್ಲಿನ ತೋಟ, ಕಾರಂಜಿ, ದೀಪ, ನಾಟಕಗಳನ್ನು ನೋಡಿದ ದೊರೆ ಮೂರು ವಾರದೊಳಗೆ ಫೂಕೆಯನ್ನು ಸರ್ಕಾರಿ ಹಣ ನುಂಗಿದ ಆರೋಪದ ಮೇಲೆ ಸೆರೆಗೆ ತಳ್ಳಿದ. ಮಂತ್ರಿಯ ಉಳಿದ ಬದುಕೆಲ್ಲ ಕೈದಿನಲ್ಲೇ ಕಳೆಯಿತು. ಆ ತೋಟ ರೂಪಿಸಿದ ಆಂದ್ರೆ ಲ ನೋತ್ರ, ಕಟ್ಟಡ ಕಟ್ಟಿದ ಲೂಯಿ ಲ ವೋ, ಚಿತ್ರಗಾರ ಶಾರ್ಲ್ ಲ ಬ್ರನ್ ಮೂವರೂ ವರ್ಸೇಲ್ಸಿಗೆ ಬಂದರು. ಫೂಕೆಯ ಕಿತ್ತಳೆ ಗಿಡಗಳೂ ಗಾಡಿಯೇರಿ ಅಲ್ಲಿಗೇ ಬಂದವು.

ಲೂಯಿ ಬೇರೆ ಜಾಗವನ್ನು ಆರಿಸಿಕೊಳ್ಳಬಹುದಿತ್ತು. ಸೇನ್ ನದಿಯ ನೆತ್ತಿಯ ಮೇಲೆಯೇ ಸೇನ್-ಜರ್ಮೇನ್ ಅರಮನೆಯಿತ್ತು. ಅವನು ಹುಟ್ಟಿದ್ದೇ ಅಲ್ಲಿ. ಪ್ಯಾರಿಸ್ಸಿನಲ್ಲಿ ಲೂವ್ರ್ ಇತ್ತು. ಖಜಾನೆ ನೋಡಿಕೊಳ್ಳುತ್ತಿದ್ದ ಕೊಲ್ಬೇರ್ 1665ರಲ್ಲಿ ದೊರೆಗೆ ಪತ್ರ ಬರೆದು, ಲೂವ್ರ್ ಅನ್ನು ಕಡೆಗಣಿಸಿ ವರ್ಸೇಲ್ಸಿಗೆ ಹಣ ಸುರಿಯುತ್ತಿರುವುದಕ್ಕೆ ಮುಚ್ಚುಮರೆಯಿಲ್ಲದೆ ಆಕ್ಷೇಪಿಸಿದ. ಮುಂದೆ ಸೇನ್-ಸಿಮೋನ್ ಎಂಬ ಶ್ರೀಮಂತ ತನ್ನ ನೆನಪುಗಳಲ್ಲಿ ಈ ಜಾಗಕ್ಕೆ ನೋಟವಿಲ್ಲ, ಕಾಡಿಲ್ಲ, ನೀರಿಲ್ಲ, ಮಣ್ಣಿಲ್ಲ ಎಂದೇ ಬರೆದ. ಅವನ ಮಾತಿನಲ್ಲಿ ಹೊಟ್ಟೆಕಿಚ್ಚು ಇದ್ದಿರಬಹುದು. ಆದರೆ ನೀರಿನ ಬಗ್ಗೆ ಅವನು ಹೇಳಿದ್ದು ಅಕ್ಷರಶಃ ಸರಿ.

ಅರಮನೆ ಇರುವುದು ದಿಣ್ಣೆಯ ಮೇಲೆ. ಕಾರಂಜಿ ಚಿಮ್ಮಬೇಕಾದರೆ ನೀರು ಅದಕ್ಕಿಂತ ಎತ್ತರದಿಂದ ಇಳಿದು ಬರಬೇಕು. ಬೃಂದಾವನದ ತೋಟ ಕೃಷ್ಣರಾಜಸಾಗರದ ಕಟ್ಟೆಯ ಕೆಳಮಗ್ಗುಲಲ್ಲಿದೆ. ನೀರು ತಾನಾಗಿಯೇ ಇಳಿಯುವ ಜಾಗ ಅದು. ವರ್ಸೇಲ್ಸಿನಲ್ಲಿ ನೀರೆಲ್ಲ ತಗ್ಗಿನಲ್ಲಿ, ಆಸೆಯೆಲ್ಲ ದಿಣ್ಣೆಯಲ್ಲಿ. ಸೇನ್ ನದಿ ಹಲವು ಕಿಲೋಮೀಟರ್ ದೂರದಲ್ಲಿ, ಬಹಳ ಕೆಳಗೆ ಹರಿಯುತ್ತಿತ್ತು.

ಲ ನೋತ್ರನ ಕೈ

ಲ ನೋತ್ರ ತೋಟಗಾರರ ಮನೆಯ ಮಗ. ಅಪ್ಪ ಪ್ಯಾರಿಸ್ಸಿನ ಟುಯಿಲರಿ ತೋಟದಲ್ಲಿ ಅರಸರ ತೋಟಗಾರನಾಗಿದ್ದ. 1613ರಲ್ಲಿ ಹುಟ್ಟಿದ ಲ ನೋತ್ರ ತೋಟದ ಜೊತೆಗೆ ಚಿತ್ರಕಲೆಯನ್ನೂ ಕಲಿತ. ಅದು ವರ್ಸೇಲ್ಸಿನ ಒಂದೊಂದು ರೇಖೆಯಲ್ಲೂ ಕಾಣುತ್ತದೆ. ಅರಮನೆಯ ನಡುಗಿಟಕಿಯಿಂದ ಪಶ್ಚಿಮಕ್ಕೆ ಒಂದೇ ನೇರ ಗೆರೆ. ಮೊದಲು ನೀರಿನ ಎರಡು ಕನ್ನಡಿಗಳು, ಮೆಟ್ಟಿಲಿಳಿದರೆ ಲತೋನಳ ಕೊಳ, ಅಲ್ಲಿಂದ 335 ಮೀಟರ್ ಉದ್ದದ ಹುಲ್ಲುಹಾಸು, ಅದರ ತುದಿಯಲ್ಲಿ ಸೂರ್ಯದೇವ ಅಪೊಲೊನ ಕೊಳ. ಅದರಾಚೆಗೆ ಸುಮಾರು 1,670 ಮೀಟರ್ ಉದ್ದದ ಮಹಾಕಾಲುವೆ. ದೂರ ಹೋದಂತೆ ವಸ್ತುಗಳು ಕಿರಿದಾಗಿ ಕಾಣುತ್ತವೆಂಬುದನ್ನು ಅರಿತಿದ್ದ ಲ ನೋತ್ರ ದೂರದ ಕೊಳಗಳನ್ನು ಹಿರಿದಾಗಿಸಿದ. ಹಾಗಾಗಿ ಮೇಲಿನಿಂದ ನೋಡುವವನಿಗೆ ಇಡೀ ತೋಟ ಒಂದೇ ಅಳತೆಯ ಚಿತ್ರದಂತೆ ಹತ್ತಿರ ಬರುತ್ತದೆ. ಇಳಿದು ನಡೆದಾಗಲೇ ದೂರದ ಅರಿವು ಕಾಲಿಗಾಗುವುದು.

ಮಹಾಕಾಲುವೆಯ ಅಗೆತ 1668ರಲ್ಲಿ ಶುರುವಾಗಿ 1679ರ ಹೊತ್ತಿಗೆ ಮುಗಿಯಿತು. ಸಂಜೆ ಸೂರ್ಯ ಆ ದಿಕ್ಕಿಗೇ ಇಳಿಯುತ್ತಾನೆ. ತನ್ನನ್ನು ಸೂರ್ಯನಿಗೆ ಹೋಲಿಸಿಕೊಂಡಿದ್ದ ದೊರೆಗೆ ಅದಕ್ಕಿಂತ ಹೆಚ್ಚೇನು ಬೇಕು? ವೆನಿಸ್ ಗಣರಾಜ್ಯ ಕಳಿಸಿಕೊಟ್ಟ ಗೊಂಡೋಲಾ ದೋಣಿಗಳೂ ಅಂಬಿಗರೂ ಅದರ ದಡದಲ್ಲೇ ನೆಲೆಸಿದರು. ಆದರೆ ಈ ಕಾಲುವೆಗೆ ಇನ್ನೊಂದು ಕೆಲಸವೂ ಇತ್ತು. ಜವುಗು ನೆಲದ ನೀರು ಬಸಿದು ಸೇರುತ್ತಿದ್ದದ್ದೂ ಅಲ್ಲಿಗೇ, ಕಾರಂಜಿಗಳಲ್ಲಿ ಚಿಮ್ಮಿದ ನೀರು ಇಳಿದು ಬಂದು ನಿಲ್ಲುತ್ತಿದ್ದದ್ದೂ ಅಲ್ಲಿಗೇ. ಚೆಲುವಿನ ಹೊದಿಕೆ ತೆಗೆದರೆ ಅದೊಂದು ಬಸಿಗಾಲುವೆ. ಲ ನೋತ್ರನ ಜಾಣತನ ನನಗೆ ಅತ್ಯಂತ ಹಿಡಿಸುವುದು ಇಲ್ಲಿಯೇ.

ಇದಕ್ಕೆಲ್ಲ ಜಾಗ ಬೇಕಿತ್ತಷ್ಟೇ? ತೋಟದ ವಾಯವ್ಯಕ್ಕೆ ತ್ರಿಯಾನೋ ಎಂಬ ಊರಿತ್ತು. 1660ರ ದಶಕದಲ್ಲಿ ದೊರೆ ಅದನ್ನು ಕೊಂಡು, ಮನೆಗಳನ್ನೂ ಇಗರ್ಜಿಯನ್ನೂ ಕೆಡವಿಸಿದ. ಅಲ್ಲಿ ಅವನ ವಿಹಾರದ ಮನೆ ಎದ್ದಿತು. ಊರಿನಿಂದ ಉಳಿದದ್ದು ಹೆಸರೊಂದೇ. ಇಂದು ತ್ರಿಯಾನೋ ಎಂದರೆ ಎಲ್ಲರಿಗೂ ಅರಮನೆ.

ಎತ್ತರದ ಲೆಕ್ಕ

ಮೊದಲ ನೀರು ಬಂದದ್ದು ಪಕ್ಕದ ಕ್ಲಾನಿ ಕೆರೆಯಿಂದ. ಕುದುರೆಗಳು ತಿರುಗಿಸುವ ಪಂಪು ಕೆರೆಯ ನೀರನ್ನು ಗೋಪುರಕ್ಕೆ ಏರಿಸುತ್ತಿತ್ತು. ಅಲ್ಲಿಂದ ಅರಮನೆಯ ಬದಿಯ ತೊಟ್ಟಿಗೆ, ತೊಟ್ಟಿಯಿಂದ ಕಾರಂಜಿಗೆ. ಈ ಕೆಲಸದ ಹೊಣೆ ಇಟಲಿ ಮೂಲದ ಫ್ರಾನ್ಸಿನ್ ಮನೆತನದ್ದು. ತಲೆಮಾರುಗಳಿಂದ ಫ್ರಾನ್ಸಿನ ಅರಸರ ಕಾರಂಜಿಗಳನ್ನು ನೋಡಿಕೊಂಡು ಬಂದವರು ಅವರು. 1666ರಲ್ಲಿ ಮೊದಲ ಬಾರಿಗೆ ಕಾರಂಜಿಗಳು ಎದ್ದವು. ದೊರೆಗೆ ಖುಷಿಯಾಯಿತು, ಇನ್ನಷ್ಟು ಬೇಕೆನಿಸಿತು. ಒಂದೊಂದು ಹೊಸ ಕೊಳ ಕಟ್ಟಿದಾಗಲೂ ಕ್ಲಾನಿಯ ನೀರು ಇನ್ನಷ್ಟು ಹಂಚಿಹೋಯಿತು. ಗಾಳಿಯಂತ್ರಗಳನ್ನು ನಿಲ್ಲಿಸಿ ಚಿಮ್ಮಿದ ನೀರನ್ನೇ ಮತ್ತೆ ಮೇಲಕ್ಕೆತ್ತಿದರು. ಬಿಯೆವ್ರ ಎಂಬ ಸಣ್ಣ ಹೊಳೆಗೆ ಕಟ್ಟೆ ಹಾಕಿ ಅದರ ನೀರನ್ನೂ ಏರಿಸಿದರು. ಸಾಲಲಿಲ್ಲ.

ಆಗ ಬಂದವನು ಪಿಯರ್-ಪೋಲ್ ರಿಕೆ. ದಕ್ಷಿಣ ಫ್ರಾನ್ಸಿನಲ್ಲಿ ಮೆಡಿಟರೇನಿಯನ್ ಸಮುದ್ರವನ್ನು ಅಟ್ಲಾಂಟಿಕ್ ಕಡೆಗೆ ಜೋಡಿಸುವ ಮಿದಿ ಕಾಲುವೆಯನ್ನು ತೋಡಿಸುತ್ತಿದ್ದ ಗಟ್ಟಿಗ. ಲ್ವಾರ್ ನದಿಯನ್ನೇ ವರ್ಸೇಲ್ಸಿಗೆ ತಿರುಗಿಸಿ ತರುತ್ತೇನೆ ಎಂದ. ಅಂಥವನ ಮಾತನ್ನು ಯಾರು ತಳ್ಳಿಹಾಕುತ್ತಾರೆ? ತಳ್ಳಿಹಾಕಿದ್ದು ಒಂದು ಅಳತೆ. ಖಗೋಳ ವಿಜ್ಞಾನಿ ಜಾನ್ ಪಿಕಾರ್ ದೂರದರ್ಶಕ ಅಳವಡಿಸಿದ ಮಟ್ಟಸಾಧನ ಹಿಡಿದು ನೆಲದ ಏರಿಳಿತ ಅಳೆದ. ಲ್ವಾರ್ ನದಿಯ ಮಟ್ಟ ವರ್ಸೇಲ್ಸ್ ದಿಣ್ಣೆಗಿಂತ ಕೆಳಗಿದೆ ಎಂದು ಲೆಕ್ಕ ತೋರಿಸಿಕೊಟ್ಟ. ಯೋಜನೆ ಅಲ್ಲಿಗೇ ನಿಂತಿತು. ನಕ್ಷತ್ರಗಳನ್ನು ನೋಡಲು ಕಲಿತ ಕಣ್ಣು ಒಂದು ರಾಜ್ಯದ ಖಜಾನೆಯನ್ನು ಉಳಿಸಿದ ಈ ಪ್ರಸಂಗಕ್ಕೆ ಚರಿತ್ರೆಯಲ್ಲಿ ಸಿಗಬೇಕಾದ ಜಾಗ ಸಿಕ್ಕಿಲ್ಲ ಎಂಬುದು ನನ್ನ ಅನಿಸಿಕೆ.

ಪಿಕಾರ್‌ನ ಅಳತೆ ಇನ್ನೊಂದು ದಾರಿಯನ್ನೂ ತೆರೆಯಿತು. ವರ್ಸೇಲ್ಸಿನ ನೈಋತ್ಯಕ್ಕೆ, ಟ್ರಾಪ್ ಕಡೆಗಿನ ಬಯಲು ಅರಮನೆಗಿಂತ ಎತ್ತರದಲ್ಲಿತ್ತು. ಅಲ್ಲಿ ನದಿಯಿಲ್ಲ, ಆದರೆ ಮಳೆ ಬೀಳುತ್ತದೆ. ಬಯಲಿನ ಉದ್ದಕ್ಕೂ ಕಿರುಗಾಲುವೆಗಳನ್ನು ತೋಡಿ, ಮಳೆನೀರನ್ನು ಕೆರೆಗಳಲ್ಲಿ ಹಿಡಿದು, ಕೆರೆಯಿಂದ ಕೆರೆಗೆ ಇಳಿಸುತ್ತ ಅರಮನೆಗೆ ತರುವುದು. ನಮ್ಮ ಕೋಲಾರ, ತುಮಕೂರಿನ ಕೆರೆ ಸರಣಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಟ್ರಾಪ್, ಸಾಕ್ಲೆ, ಕೊನೆಗೆ ರಾಂಬುಯೆವರೆಗೂ ಈ ಜಾಲ ಹಬ್ಬಿತು. ಬಿಯೆವ್ರ ಕಣಿವೆಯನ್ನು ದಾಟಲು ಬ್ಯುಕ್ ಎಂಬಲ್ಲಿ ಕಲ್ಲಿನ ಮೇಲ್ಗಾಲುವೆ ಕಟ್ಟಿದರು. ಅದರ ಕಮಾನುಗಳು ಇಂದೂ ನಿಂತಿವೆ. ವರ್ಸೇಲ್ಸಿಗೆ ದೀರ್ಘ ಕಾಲ ನೀರುಣಿಸಿದ್ದು ಸದ್ದಿಲ್ಲದ ಈ ಕೆರೆಗಳೇ.

ಆದರೆ ಕೆರೆ ಮಳೆಯನ್ನು ನಂಬಿದ್ದು. ದೊರೆಗೆ ಮಳೆಯನ್ನು ಕಾಯುವ ತಾಳ್ಮೆಯಿರಲಿಲ್ಲ. ಲಿಯೇಜ್ ಕಡೆಯಿಂದ ಬಂದ ಆರ್ನಾಲ್ಡ್ ದ ವಿಲ್ ಮತ್ತು ರೆನೆಕೆನ್ ಸ್ಯುಆಲೆಂ ಸೇನ್ ನದಿಯ ನೀರನ್ನೇ ಎತ್ತಿಕೊಡುವ ಯಂತ್ರದ ಮಾತಾಡಿದರು. ಸ್ಯುಆಲೆಂ ಬಡಗಿ; ಅವನ ಸೀಮೆಯಲ್ಲಿ ಗಣಿಗಳೊಳಗಿನ ನೀರು ಎತ್ತುವುದು ದಿನನಿತ್ಯದ ಕಸುಬು. 1681ರಲ್ಲಿ ಆರಂಭವಾದ ಮಾರ್ಲಿ ಯಂತ್ರ 1684ರಲ್ಲಿ ಓಡತೊಡಗಿತು. ನದಿಯಲ್ಲಿ 14 ದೈತ್ಯ ಚಕ್ರಗಳು, ಒಂದೊಂದೂ ಸುಮಾರು 12 ಮೀಟರ್ ಅಡ್ಡಳತೆಯದು. 200ಕ್ಕೂ ಹೆಚ್ಚು ಪಂಪುಗಳು ಮೂರು ಹಂತಗಳಲ್ಲಿ ನೀರನ್ನು 160 ಮೀಟರಿಗೂ ಹೆಚ್ಚು ಎತ್ತರಕ್ಕೆ ದೂಡುತ್ತಿದ್ದವು. ನದಿಯ ಹರಿವೇ ಅದಕ್ಕೆ ಶಕ್ತಿ. ಗುಡ್ಡದ ಮೈಮೇಲೆ ಕಬ್ಬಿಣದ ಸರಪಳಿ, ಮರದ ತೋಳುಗಳು ಹಗಲೂ ರಾತ್ರಿ ಕಿರುಗುಟ್ಟುತ್ತ ಆಡುತ್ತಿದ್ದವು. ಆಸುಪಾಸಿನವರಿಗೆ ಆ ಸದ್ದೇ ಒಂದು ಶಿಕ್ಷೆಯಾಗಿತ್ತು. ಜಗತ್ತೇ ಬೆರಗಾಗಿ ನೋಡಿದ ಈ ಯಂತ್ರದಲ್ಲಿ ಸೋರಿಕೆಯೂ ಬಹಳ, ಮುರಿಯುವ ಕೀಲುಗಳೂ ಬಹಳ. ಅದರ ದುರಸ್ತಿಗೆಂದೇ ಸುಮಾರು 60 ಜನ ಸದಾ ದುಡಿಯುತ್ತಿದ್ದರು. ಸಾಲದ್ದಕ್ಕೆ ಪಕ್ಕದ ಮಾರ್ಲಿಯಲ್ಲಿ ದೊರೆ ಇನ್ನೊಂದು ತೋಟ ಮಾಡಿಕೊಂಡಿದ್ದ. ಎತ್ತಿದ ನೀರಿನ ದೊಡ್ಡ ಪಾಲು ಬೇಗನೆ ಅಲ್ಲಿಗೇ ಹೋಗತೊಡಗಿತು.

ಹರಿಯದ ನದಿ

ಈ ಪ್ರಕರಣದ ಅತಿ ನೋವಿನ ಅಧ್ಯಾಯ ಎರ್ ನದಿಯದು. ಕೊಲ್ಬೇರ್ 1683ರಲ್ಲಿ ತೀರಿಕೊಂಡ. ಕಟ್ಟಡಗಳ ಉಸ್ತುವಾರಿ ಯುದ್ಧಮಂತ್ರಿ ಲೂವುವಾನ ಕೈಗೆ ಬಂತು. ಖರ್ಚಿನ ಬಗ್ಗೆ ದೊರೆಗೆ ಎದುರಾಡುವ ದನಿ ಹೋಯಿತು, ಸೈನ್ಯವನ್ನೇ ಕೂಲಿಗೆ ಇಳಿಸಬಲ್ಲ ಕೈ ಬಂತು. ಗಣಿತಜ್ಞ ಫಿಲಿಪ್ ದ ಲಾ ಇರ್ ಅಳತೆ ಮಾಡಿ, ಎರ್ ನದಿಯು ಪೋಂಗ್ವಾನ್ ಎಂಬಲ್ಲಿ ವರ್ಸೇಲ್ಸಿನ ನೀರುತೊಟ್ಟಿಗಳಿಗಿಂತ ಎತ್ತರದಲ್ಲಿದೆ ಎಂದು ಕಂಡುಹಿಡಿದ. ಲೆಕ್ಕ ಸರಿಯಾಗಿತ್ತು. ಪಂಪು ಬೇಡ, ಚಕ್ರ ಬೇಡ. ನದಿ ತಾನೇ ಇಳಿದು ಬರುತ್ತದೆ. ದಾರಿಯ ಉದ್ದ ಮಾತ್ರ ಸುಮಾರು 80 ಕಿಲೋಮೀಟರ್.

ಕೋಟೆ ಕಟ್ಟುವುದರಲ್ಲಿ ಫ್ರಾನ್ಸಿನಲ್ಲೇ ಹೆಸರಾದ ವೋಬಾನ್ 1685ರಲ್ಲಿ ಕೆಲಸ ಹಿಡಿದ. ಮ್ಯಾಂತನೋ ಎಂಬಲ್ಲಿ ಅಗಲವಾದ ಕಣಿವೆ ಅಡ್ಡ ಬಂತು. ನೆಲದ ಮೇಲೆಯೇ ಕೊಳವೆಗಳನ್ನು ಹಾಸಿ, ಒಂದು ಬದಿ ಇಳಿಸಿ ಇನ್ನೊಂದು ಬದಿ ಒತ್ತಡದಿಂದಲೇ ಏರಿಸಬಹುದು ಎಂಬುದು ವೋಬಾನನ ಸಲಹೆ. ಅಗ್ಗದ ದಾರಿ, ಆದರೆ ನೋಡುವುದಕ್ಕೆ ಏನೂ ಇಲ್ಲದ ದಾರಿ. ಮೇಲಿನವರಿಗೆ ರೋಮನ್ನರನ್ನು ಮೀರಿಸುವ ಕಮಾನುಗಳು ಬೇಕಿದ್ದವು. ಮೂರು ಅಂತಸ್ತಿನ ಮೇಲ್ಗಾಲುವೆಯ ನಕ್ಷೆ ಸಿದ್ಧವಾಯಿತು.

ಯುದ್ಧವಿಲ್ಲದ ದಿನಗಳು. ಸುಮಾರು 30 ಸಾವಿರ ಸೈನಿಕರನ್ನು ಅಗೆತಕ್ಕೆ ಹಚ್ಚಿದರು. ಜವುಗಿನ ತಗ್ಗುಗಳನ್ನು ಬಗೆದಾಗ ಎದ್ದದ್ದು ಚಳಿಜ್ವರ, ನಾವು ಮಲೇರಿಯಾ ಎನ್ನುವ ಕಾಯಿಲೆ. ಬೇಸಿಗೆಯ ತಿಂಗಳುಗಳಲ್ಲಿ ಪಾಳೆಯಗಳಲ್ಲಿ ಜನ ಸಾಲುಸಾಲಾಗಿ ಮಲಗಿದರು. ಇದು ಮೊದಲ ಸಾವೂ ಆಗಿರಲಿಲ್ಲ. ವರ್ಸೇಲ್ಸಿನಲ್ಲಿ ಸತ್ತ ಕೆಲಸಗಾರರ ಹೆಣಗಳನ್ನು ರಾತ್ರಿ ಗಾಡಿಗಳಲ್ಲಿ ಸಾಗಿಸುತ್ತಾರೆಂದು, ತನ್ನ ಪತ್ರಗಳಿಗೆ ಹೆಸರಾದ ಶ್ರೀಮಂತ ಮಹಿಳೆ ಮದಾಂ ದ ಸೆವಿನ್ಯೆ 1678ರಲ್ಲೇ ಒಂದು ಪತ್ರದಲ್ಲಿ ಬರೆದಿದ್ದಳು. ಅರಮನೆಯ ದಕ್ಷಿಣಕ್ಕಿರುವ ದೊಡ್ಡ ಕೆರೆಗೆ 'ಸ್ವಿಸ್ಸರ ಕೆರೆ' ಎಂಬ ಹೆಸರು ಬಂದದ್ದು 1679ರಿಂದ ಅದನ್ನು ಅಗೆದ ಸ್ವಿಸ್ ಕಾವಲು ಪಡೆಯ ಸೈನಿಕರಿಂದ. ಅವರಲ್ಲೂ ಅನೇಕರು ಜ್ವರಕ್ಕೆ ಬಲಿಯಾದರು. ಲತೋನಳ ಕೊಳ, ಅಪೊಲೊನ ಕೊಳ ಎಂದು ದೇವತೆಗಳ ಹೆಸರುಗಳೇ ತುಂಬಿರುವ ತೋಟದಲ್ಲಿ ಕೂಲಿಗೈದವರ ಹೆಸರು ಹೊತ್ತ ನೀರು ಇದೊಂದೇ ಎಂಬುದು ನೆನಪಾದಾಗಲೆಲ್ಲ ನನ್ನ ಮನಸ್ಸು ಭಾರವಾಗುತ್ತದೆ.

1688ರಲ್ಲಿ ಯೂರೋಪಿನ ಹಲವು ರಾಜ್ಯಗಳ ವಿರುದ್ಧ ಫ್ರಾನ್ಸ್ ಯುದ್ಧಕ್ಕಿಳಿಯಿತು. ಸೈನಿಕರು ಗುದ್ದಲಿ ಬಿಟ್ಟು ಬಂದೂಕು ಹಿಡಿದರು. ಅಗೆತ ಮತ್ತೆ ಶುರುವಾಗಲೇ ಇಲ್ಲ. ಮ್ಯಾಂತನೋದಲ್ಲಿ ಮೂರಂತಸ್ತಿನ ಬದಲು ಒಂದೇ ಅಂತಸ್ತಿನ ಕಮಾನುಗಳು ಎದ್ದಿದ್ದವು. ಅವುಗಳ ಕಲ್ಲನ್ನೂ ಮುಂದೆ ಬೇರೆ ಕಟ್ಟಡಗಳಿಗೆ ಕಿತ್ತೊಯ್ದರು. ಎರ್ ನದಿಯ ಒಂದು ಹನಿಯೂ ವರ್ಸೇಲ್ಸಿಗೆ ಬರಲಿಲ್ಲ.

ಲತೋನಳ ಕಾರಂಜಿಯ ಕಥೆ ಇಲ್ಲಿ ಹೇಳಲೇಬೇಕು. ಅಪೊಲೊನ ತಾಯಿ ಲತೋನ ಎಳೆಮಕ್ಕಳನ್ನೆತ್ತಿಕೊಂಡು ಬಾಯಾರಿ ಒಂದು ಕೊಳದ ಬಳಿ ಬರುತ್ತಾಳೆ. ಲೈಸಿಯಾದ ರೈತರು ಅವಳಿಗೆ ನೀರು ಕೊಡದೆ ಕೊಳವನ್ನು ಕಲಕಿ ಕೆಸರು ಮಾಡುತ್ತಾರೆ. ಶಾಪದಿಂದ ಅವರೆಲ್ಲ ಕಪ್ಪೆಗಳಾಗುತ್ತಾರೆ. ಕಾರಂಜಿಯ ಸುತ್ತ ಅರ್ಧ ಮನುಷ್ಯ ಅರ್ಧ ಕಪ್ಪೆಯಾದ ಆ ರೈತರು ಬಾಯಿ ತೆರೆದು ನೀರು ಚಿಮ್ಮಿಸುತ್ತಿದ್ದಾರೆ. ನೀರಿಗಾಗಿ ಇಷ್ಟು ಜನರನ್ನು ಸಾಯಿಸಿದ ತೋಟದ ನಟ್ಟನಡುವೆ, ನೀರು ಕೊಡದವರಿಗೆ ಆದ ಶಿಕ್ಷೆಯ ಶಿಲ್ಪ ನಿಂತಿದೆ.

ತರಕಾರಿ ತೋಟ

ಉದ್ಯಾನದಲ್ಲಿ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ಭಾಗಕ್ಕೆ ಕಾರಂಜಿಯ ಗೊಡವೆ ಅಷ್ಟಿಲ್ಲ. 1678ರಿಂದ 1683ರ ನಡುವೆ ಜಾನ್-ಬಾಪ್ತಿಸ್ತ್ ದ ಲಾ ಕೆಂತಿನಿ ಸುಮಾರು ಒಂಬತ್ತು ಹೆಕ್ಟೇರಿನಲ್ಲಿ ದೊರೆಯ ಹಣ್ಣು-ತರಕಾರಿ ತೋಟ ಮಾಡಿದ. ಅವನು ಓದಿದ್ದು ಕಾನೂನು; ಇಟಲಿಯ ತೋಟಗಳನ್ನು ನೋಡಿ ಬಂದ ಮೇಲೆ ವಕೀಲಿಕೆ ಬಿಟ್ಟವನು. ಅವನಿಗೆ ಸಿಕ್ಕಿದ್ದು 'ನಾರುವ ಕೆರೆ' ಎಂದು ಜನ ಕರೆಯುತ್ತಿದ್ದ ಜವುಗು. ಅದನ್ನು ಬಸಿದು, ಸತೋರಿ ದಿಣ್ಣೆಯಿಂದ ಒಳ್ಳೆಯ ಮಣ್ಣು ಹೊರಿಸಿ ಹರಡಿದ. ಎತ್ತರದ ಗೋಡೆಗಳನ್ನು ಎಬ್ಬಿಸಿ ತೋಟವನ್ನು ಅಂಕಣಗಳಾಗಿ ವಿಂಗಡಿಸಿದ. ಹಗಲಿಡೀ ಬಿಸಿಲುಂಡ ಗೋಡೆ ರಾತ್ರಿ ಶಾಖ ಬಿಡುತ್ತದೆ. ಗೋಡೆಗೆ ಒರಗಿಸಿ ಬೆಳೆಸಿದ ಗಿಡಕ್ಕೆ ಚಳಿ ತಟ್ಟುವುದಿಲ್ಲ. ಹಸಿ ಗೊಬ್ಬರದ ಬಿಸಿ, ಗಾಜಿನ ಮುಚ್ಚಳ, ಗೋಡೆಯ ಕಾವು ಇವಿಷ್ಟನ್ನೇ ನಂಬಿ ಡಿಸೆಂಬರಿನಲ್ಲಿ ಶತಾವರಿ ಕುಡಿಗಳನ್ನೂ ಮಾರ್ಚಿ ಕೊನೆಗೆ ಸ್ಟ್ರಾಬೆರಿಯನ್ನೂ ಜೂನಿನಲ್ಲಿ ಅಂಜೂರವನ್ನೂ ದೊರೆಯ ತಟ್ಟೆಗೆ ಕಳಿಸಿದ.

ದೊರೆ ಇಲ್ಲಿಗೆ ನಡೆದು ಬಂದು ಕೊಂಬೆ ಸವರುವುದನ್ನು ಕಲಿಯುತ್ತಿದ್ದನಂತೆ. ಲಾ ಕೆಂತಿನಿ 1688ರಲ್ಲಿ ತೀರಿಹೋದ. ತೋಟಗಾರಿಕೆಯ ಬಗ್ಗೆ ಅವನು ಬರೆದಿಟ್ಟದ್ದು ಎರಡು ವರ್ಷದ ನಂತರ ಅಚ್ಚಾಯಿತು. ಆ ತೋಟ ಇಂದಿಗೂ ಹಣ್ಣು ಬಿಡುತ್ತಿದೆ, ಭೂದೃಶ್ಯ ವಿನ್ಯಾಸ ಕಲಿಸುವ ಶಾಲೆಯ ವಿದ್ಯಾರ್ಥಿಗಳು ಅಲ್ಲಿ ಕೈ ಕೆಸರು ಮಾಡಿಕೊಳ್ಳುತ್ತಿದ್ದಾರೆ.

ಮರಗಳ ಆಯುಸ್ಸು

ಲ ನೋತ್ರ 1700ರಲ್ಲಿ, ದೊರೆ 1715ರಲ್ಲಿ ತೀರಿಕೊಂಡರು. ಅವರಿಬ್ಬರೂ ಇಂದಿನ ಪ್ರವಾಸಿ ನೋಡುವಂಥ ಹೆಮ್ಮರಗಳನ್ನು ಆ ತೋಟದಲ್ಲಿ ನೋಡಿರಲಿಲ್ಲ. ನಾರ್ಮಂಡಿ, ಫ್ಲಾಂಡರ್ಸ್ ಕಡೆಯ ಕಾಡುಗಳಿಂದ ಬೆಳೆದ ಮರಗಳನ್ನು ಬೇರುಸಹಿತ ಗಾಡಿಯಲ್ಲಿ ತಂದು ನೆಟ್ಟರೂ ಅವುಗಳಲ್ಲಿ ಬಹಳಷ್ಟು ಒಣಗಿದವು. ಹಳೆಯ ಚಿತ್ರಗಳಲ್ಲಿ ಕಾಣುವುದು ಕತ್ತರಿಸಿ ಗೋಡೆಯಂತೆ ನಿಲ್ಲಿಸಿದ ಹಸಿರು ಬೇಲಿಗಳು, ಅವುಗಳ ಹಿಂದೆ ತೆಳ್ಳನೆಯ ಎಳೆಮರಗಳು. ನೆರಳು ಬಂದದ್ದು ಮೊಮ್ಮಕ್ಕಳ ಕಾಲಕ್ಕೆ. ನೆರಳು ಬಂದಾಗ ಗೆರೆ ಅಳಿಸಿಹೋಗಿತ್ತು: ಕೊಂಬೆಗಳು ದಾರಿ ಮುಚ್ಚಿದ್ದವು, ಮುದಿ ಮರಗಳು ಒಳಗೊಳಗೇ ಟೊಳ್ಳಾಗಿದ್ದವು.

1774ರಲ್ಲಿ ಪಟ್ಟಕ್ಕೆ ಬಂದ 16ನೇ ಲೂಯಿ ಮೊದಲು ಹೊರಡಿಸಿದ ಆಜ್ಞೆಗಳಲ್ಲಿ ಒಂದು, ತೋಟದ ಮರಗಳನ್ನೆಲ್ಲ ಕಡಿಯಿರಿ ಎಂಬುದು. ಆ ಚಳಿಗಾಲದಲ್ಲಿ ನೂರು ವರ್ಷದ ಮರಗಳು ಉರುಳಿದವು, ಸೌದೆಯಾಗಿ ಹರಾಜಾದವು. ಉರುಳಿದ ದಿಮ್ಮಿಗಳ ನಡುವೆ ನಿಂತ ಬಿಳಿ ಶಿಲ್ಪಗಳನ್ನು, ಕುತೂಹಲದಿಂದ ನೋಡುತ್ತಿರುವ ಜನರನ್ನು ಯೂಬೇರ್ ರೊಬೇರ್ ಎಂಬ ಚಿತ್ರಕಾರ ಬಣ್ಣದಲ್ಲಿ ಹಿಡಿದಿಟ್ಟ. ಆ ಕಾಲಕ್ಕೆ ಇಂಗ್ಲಿಷ್ ಮಾದರಿಯ, ಸಹಜವಾಗಿ ಅಂಕುಡೊಂಕಾದ ತೋಟಗಳ ಗೀಳು ಹಬ್ಬಿತ್ತು. ವರ್ಸೇಲ್ಸನ್ನೂ ಹಾಗೆ ಮಾಡುವ ಆಲೋಚನೆ ಬಂದು ಹೋಯಿತು. ಕೊನೆಗೆ ಲ ನೋತ್ರನ ಗೆರೆಗಳ ಮೇಲೆಯೇ ಬಹುಮಟ್ಟಿಗೆ ಮರು ನೆಟ್ಟರು. ಆದರೆ ಎಲ್ಲವೂ ಉಳಿಯಲಿಲ್ಲ. ಈಸೋಪನ ನೀತಿಕಥೆಗಳ 39 ಕಾರಂಜಿಗಳು, ಬಣ್ಣ ಹಚ್ಚಿದ ಸೀಸದ ಪ್ರಾಣಿಗಳು ತುಂಬಿದ್ದ ಸಿಕ್ಕುದಾರಿಯ ವನ ನೆಲಸಮವಾಯಿತು. ಮಕ್ಕಳಿಗಾಗಿಯೇ ಇದ್ದಂತಿದ್ದ ಆ ಮೂಲೆ ಹೋದದ್ದು ನನಗೆ ಇಂದೂ ದೊಡ್ಡ ನಷ್ಟವೆನಿಸುತ್ತದೆ.

ಇಂಗ್ಲಿಷ್ ಗೀಳು ತೀರಿದ್ದು ಕಿರು ತ್ರಿಯಾನೋ ಬಂಗಲೆಯ ಸುತ್ತ. 15ನೇ ಲೂಯಿ ಅಲ್ಲಿ ಸಸ್ಯಶಾಸ್ತ್ರದ ತೋಟವೊಂದನ್ನು ಬೆಳೆಸಿದ್ದ. ತೋಟಗಾರ ಕ್ಲೋಡ್ ರಿಷಾರ್ ಜೊತೆ ಸಸ್ಯಶಾಸ್ತ್ರಜ್ಞ ಬೆರ್ನಾರ್ ದ ಜ್ಯುಸ್ಯೂ ಗಿಡಗಳನ್ನು ಅವುಗಳ ಸಹಜ ಬಂಧುತ್ವಕ್ಕೆ ತಕ್ಕಂತೆ ಪಾತಿಗಳಲ್ಲಿ ಜೋಡಿಸಿದ್ದ. ಜಗತ್ತಿನ ಸಸ್ಯಶಾಸ್ತ್ರಕ್ಕೆ ಅದೊಂದು ಪ್ರಯೋಗಶಾಲೆ. 16ನೇ ಲೂಯಿಯ ಹೆಂಡತಿ ಮರಿ ಆಂತ್ವಾನೆತ್ ರಾಣಿಯಾದ ಮೇಲೆ ಗಿಡಗಳು ಪ್ಯಾರಿಸ್ಸಿಗೆ ಹೋದವು. ಆ ಜಾಗದಲ್ಲಿ ಬಳುಕುವ ತೊರೆ, ಕೃತಕ ಗುಡ್ಡ, ಕೊನೆಗೆ 1783ರಿಂದ ಒಂದು ಆಟದ ಹಳ್ಳಿಯೂ ಬಂತು. ಹುಲ್ಲು ಛಾವಣಿಯ ಮನೆಗಳು, ಹಾಲಿನ ಕೋಣೆ, ಹಸುಗಳು. ನಿಜವಾದ ತ್ರಿಯಾನೋ ಹಳ್ಳಿಯನ್ನು ಕೆಡವಿ ನೂರು ಚಿಲ್ಲರೆ ವರ್ಷಗಳಾದ ಮೇಲೆ ಅದರ ಆಸುಪಾಸಿನಲ್ಲೇ ಹಳ್ಳಿಯ ಬೊಂಬೆಯೊಂದನ್ನು ಕಟ್ಟಿದರು.

ಕನ್ನಡ ನಾಡಿನಿಂದ ಹೋದವರು ವರ್ಸೇಲ್ಸನ್ನು ಕಂಡದ್ದು ಇದೇ ಹೊತ್ತಿನಲ್ಲಿ. ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳಾದ ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮುಹಮ್ಮದ್ ಉಸ್ಮಾನ್ ಖಾನ್ ಪುದುಚೇರಿಯಿಂದ ಹಡಗೇರಿ 1788ರ ಬೇಸಿಗೆಯಲ್ಲಿ ಫ್ರಾನ್ಸ್ ತಲುಪಿದರು. ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯ ಹರ್ಕ್ಯುಲಿಸ್ ಸಭಾಂಗಣದಲ್ಲಿ 16ನೇ ಲೂಯಿ ಅವರನ್ನು ಬರಮಾಡಿಕೊಂಡ. ಬ್ರಿಟಿಷರ ವಿರುದ್ಧ ಸೇನಾ ನೆರವು ಅವರ ಮುಖ್ಯ ಬೇಡಿಕೆ. ಅದರ ಜೊತೆಗೇ ಟಿಪ್ಪು ಕುಶಲಕರ್ಮಿಗಳನ್ನೂ ಗಿಡ-ಬೀಜಗಳನ್ನೂ ಕೇಳಿಸಿದ್ದ. ತಂದೆ ಹೈದರ್ ಅಲಿ ಬೆಂಗಳೂರಿನಲ್ಲಿ ಲಾಲ್‌ಬಾಗ್ ಆರಂಭಿಸಿದ್ದ, ಮಗ ಅದನ್ನು ಬೆಳೆಸುತ್ತಿದ್ದ. ಹಾಗಾಗಿ ಆ ಬೇಡಿಕೆ ನನಗೆ ಆಶ್ಚರ್ಯ ತರುವುದಿಲ್ಲ. ಸೇನೆ ಸಿಗಲಿಲ್ಲ. ಕೊಡುವ ಸ್ಥಿತಿಯಲ್ಲಿ ದೊರೆಯೂ ಇರಲಿಲ್ಲ. 1789ರ ಅಕ್ಟೋಬರ್ 6ರಂದು ಪ್ಯಾರಿಸ್ಸಿನಿಂದ ಬಂದ ಜನಸಮೂಹ ರಾಜ ಕುಟುಂಬವನ್ನು ತನ್ನೊಂದಿಗೆ ಕರೆದೊಯ್ದಿತು. ತೋಟಕ್ಕೆ ಒಡೆಯನಿಲ್ಲದಂತಾಯಿತು.

ಕ್ರಾಂತಿಯ ವರ್ಷಗಳಲ್ಲಿ ದೊಡ್ಡ ಬೇಟೆಕಾಡು ತುಂಡುತುಂಡಾಗಿ ಮಾರಾಟವಾಯಿತು. ಅರಮನೆಯ ತೋಟದ ಮೇಲೂ ನೇಗಿಲು ಹಾಯುವ ಮಾತು ಎದ್ದಿತು. ಅದನ್ನು ಉಳಿಸಿದವರು ರಿಷಾರ್ ಮನೆತನದ ತೋಟಗಾರರು. ಹೂಪಾತಿಗಳಲ್ಲಿ ತರಕಾರಿ ಹಾಕೋಣ, ಬಯಲಲ್ಲಿ ಹಣ್ಣಿನ ಮರ ನೆಡೋಣ, ಜನಕ್ಕೆ ಉಪಯೋಗವಾಗುತ್ತದೆ ಎಂಬ ವಾದ ಮುಂದಿಟ್ಟರು. ತೋಟ ಉಳಿಯಿತು. ಅಧಿಕಾರಿಗಳೊಡನೆ ವಾದಿಸಿ ಗೆದ್ದ ಈ ತೋಟಗಾರರ ಬುದ್ಧಿವಂತಿಕೆ ಲ ನೋತ್ರನ ಪ್ರತಿಭೆಗಿಂತ ಕಡಿಮೆಯದೆಂದು ನನಗನಿಸುವುದಿಲ್ಲ.

19ನೇ ಶತಮಾನವನ್ನು ಬೇಗ ದಾಟಬಹುದು. ದೊರೆ ಲೂಯಿ-ಫಿಲಿಪ್ ಅರಮನೆಯನ್ನು ವಸ್ತುಸಂಗ್ರಹಾಲಯವಾಗಿಸಿದ. ಎರಡನೆಯ ಸಲ ನೆಟ್ಟ ಮರಗಳೂ ಮುಪ್ಪಾದವು, ಆ ಶತಮಾನದ ಉತ್ತರಾರ್ಧದಲ್ಲಿ ಅವನ್ನೂ ಕಡಿದು ಮತ್ತೆ ನೆಟ್ಟರು. ನೂರು ವರ್ಷಕ್ಕೊಮ್ಮೆ ಸಾಯುವ, ನೂರು ವರ್ಷಕ್ಕೊಮ್ಮೆ ಹುಟ್ಟುವ ತೋಟ ಇದು ಎಂಬುದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಆದರೂ ಮೂರನೆಯ ಸರದಿ ಬಂದಾಗ ಕೊಡಲಿ ಎತ್ತುವ ಧೈರ್ಯ ಸುಲಭವಾಗಿ ಬರಲಿಲ್ಲ. ಆ ಕೆಲಸವನ್ನು ಗಾಳಿ ಮಾಡಿತು.

1990ರ ಫೆಬ್ರವರಿಯ ಬಿರುಗಾಳಿಗೆ ಸಾವಿರಕ್ಕೂ ಹೆಚ್ಚು ಮರಗಳು ಬಿದ್ದವು. ಹಂತ ಹಂತವಾಗಿ ಮರು ನೆಡುವ ಯೋಜನೆ ಆರಂಭವಾಯಿತು. ಅದು ಮುಗಿಯುವ ಮುನ್ನವೇ, 1999ರ ಡಿಸೆಂಬರ್ 26ರ ಬೆಳಿಗ್ಗೆ, ಫ್ರಾನ್ಸನ್ನೇ ನಡುಗಿಸಿದ ಬಿರುಗಾಳಿ ಕೆಲವೇ ಗಂಟೆಗಳಲ್ಲಿ ಸುಮಾರು ಹತ್ತು ಸಾವಿರ ಮರಗಳನ್ನು ಕೆಡವಿತು. ಮರಿ ಆಂತ್ವಾನೆತ್‌ಳ ಕಾಲದಲ್ಲಿ, 1783ರಲ್ಲಿ ನೆಟ್ಟ ಟ್ಯೂಲಿಪ್ ಮರವೂ ಬುಡಸಮೇತ ಮಗುಚಿತು. ನಾಲ್ಕು ವರ್ಷದ ನಂತರ 2003ರ ಬಿಸಿಗಾಳಿಯಲ್ಲಿ, 14ನೇ ಲೂಯಿಯ ಕಾಲದಿಂದ, ಅಂದರೆ 1681ರಿಂದ ನಿಂತಿದ್ದ ಓಕ್ ಮರ ಒಣಗಿ ಸತ್ತಿತು. ಅಷ್ಟು ವರ್ಷ ಬದುಕಿದ ಮರ ನೀರಿಲ್ಲದ ಒಂದು ಬೇಸಿಗೆಗೆ ಸೋತಿತು.

ಬಿರುಗಾಳಿಯ ನಂತರದ ಚಿತ್ರಗಳನ್ನು ನೋಡಿದವರಿಗೆ ಕರುಳು ಹಿಂಡಿದಂತಾಗುತ್ತದೆ. ಆದರೆ ಬಿದ್ದ ಮರಗಳ ಜಾಗದಲ್ಲಿ ಎಳೆಯವನ್ನು ನೆಟ್ಟು, ಬೇಲಿಗಳನ್ನು ತಗ್ಗಿಸಿ ಕತ್ತರಿಸಿದ ಮೇಲೆ ಮರೆಯಾಗಿದ್ದ ನೋಟಗಳು ತೆರೆದುಕೊಂಡವು. ಇಂದು ತೋಟ 1680ರ ದಶಕದ ಚಿತ್ರಗಳಿಗೆ ಹತ್ತಿರವಾಗಿ ಕಾಣುತ್ತದೆ, ಎಂದರೆ 14ನೇ ಲೂಯಿ ನೋಡಿದ ಎಳೆಯ ತೋಟಕ್ಕೆ. ಎಲ್ಲವನ್ನೂ ಹಳೆಯದರ ಪಡಿಯಚ್ಚಾಗಿಸಲು ಹೊರಡದಿದ್ದುದು ನನಗೆ ಸರಿಯೆನಿಸುತ್ತದೆ. ಹಾಳಾಗಿದ್ದ ನೀರಿನ ರಂಗಭೂಮಿಯ ವನವನ್ನು ಲೂಯಿ ಬೆನೆಶ್ ಎಂಬ ವಿನ್ಯಾಸಕ ಹೊಸದಾಗಿ ರೂಪಿಸಿದರು. ಜಾನ್-ಮಿಶೆಲ್ ಒಥೊನಿಯೆಲ್ ಅವರ ಗಾಜಿನ ಗೋಳಗಳ ಕಾರಂಜಿಗಳೊಂದಿಗೆ ಅದು 2015ರಲ್ಲಿ ತೆರೆಯಿತು.

ಇಂದಿನ ನೀರು

ಮಾರ್ಲಿಯ ಹಳೆಯ ಚಕ್ರಗಳು 1817ರಲ್ಲಿ ನಿಂತವು. 1970ರ ದಶಕದಲ್ಲಿ ಸೇನ್-ಕೆಂತೆನ್ ಎಂಬ ಹೊಸ ನಗರ ಬಯಲ ಮೇಲೆ ಬೆಳೆದಾಗ ಟ್ರಾಪ್ ಕಡೆಯ ಕಿರುಗಾಲುವೆಗಳು ತುಂಡಾದವು. ನಮ್ಮ ರಾಜಕಾಲುವೆಗಳ ಗತಿ ನೋಡಿದ ಬೆಂಗಳೂರಿಗರಿಗೆ ಆ ಸಾಲು ಚುಚ್ಚದೆ ಇರದು. ಈಗ ಉದ್ಯಾನ ತನ್ನ ನೀರನ್ನೇ ಸುತ್ತಿ ಬಳಸುತ್ತದೆ. ಮಹಾಕಾಲುವೆಗೆ ಇಳಿದ ನೀರನ್ನು ಪಂಪುಗಳು ಮೇಲಿನ ತೊಟ್ಟಿಗಳಿಗೆ ಏರಿಸುತ್ತವೆ. ಅಲ್ಲಿಂದ ಅದು ಹಳೆಯ ಪದ್ಧತಿಯಂತೆಯೇ ತನ್ನ ಭಾರದಿಂದ ಇಳಿದು ಚಿಮ್ಮುತ್ತದೆ. ಸುಮಾರು 35 ಕಿಲೋಮೀಟರ್ ಕೊಳವೆಜಾಲದಲ್ಲಿ 17ನೇ ಶತಮಾನದ ಬೀಡುಕಬ್ಬಿಣದ ಕೊಳವೆಗಳು ಇನ್ನೂ ಕೆಲಸ ಮಾಡುತ್ತಿವೆ. ಡ್ರ್ಯಾಗನ್ ಕಾರಂಜಿ 27 ಮೀಟರ್ ಏರುತ್ತದೆ. ದೊರೆಯ ಕಾಲಕ್ಕೆ ಸಾವಿರಕ್ಕೂ ಹೆಚ್ಚು ಚಿಲುಮೆಗಳಿದ್ದರೆ ಇಂದು ಉಳಿದಿರುವುದು ಸುಮಾರು 600.

ಬೇಸಿಗೆಯ ವಾರಾಂತ್ಯಗಳಲ್ಲಿ ಕಾರಂಜಿ ನೋಡಲು ಜನ ಸೇರುತ್ತಾರೆ. ಅವರು ಬರುವ ಮೊದಲು ನೀರುಗಂಟಿಗಳು ಉದ್ದ ಹಿಡಿಯ ಕಬ್ಬಿಣದ ಕೀಲಿ ಹೊತ್ತು ಹೊರಡುತ್ತಾರೆ, ಬೇಲಿಯ ಮರೆಯ ಮುಚ್ಚಳಗಳನ್ನು ಎತ್ತಿ ಕವಾಟಗಳನ್ನು ಒಂದೊಂದಾಗಿ ಕೈಯಿಂದಲೇ ತಿರುಗಿಸುತ್ತಾರೆ. ಲತೋನಳ ಸುತ್ತಲಿನ ಕಪ್ಪೆಗಳ ಬಾಯಿಂದ ಮೊದಲು ಗಾಳಿ ಹೊರಡುತ್ತದೆ, ಆಮೇಲೆ ನೀರು.